ಕಾರ್ಲ್ ಫಾನ್ ಲಿಂಡೆ

ಕಾರ್ಲ್ ಪಾಲ್ ಗಾಟ್‌ಫ್ರೀಡ್ ಫಾನ್ ಲಿಂಡೆ (ಜೂನ್ 11, 1842 – ನವೆಂಬರ್ 16, 1934) ಜರ್ಮನಿಯ ಯಂತ್ರಶಿಲ್ಪಿ, ಪ್ರಾಧ್ಯಾಪಕ, ಸಂಶೋಧಕ ಹಾಗೂ ಉದ್ಯಮಿ. ಅಮೋನಿಯಾ ಬಳಸುವ ಶೈತ್ಯೀಕರಣ ಯಂತ್ರವನ್ನು ಕೈಗಾರಿಕೆಗೆ ಒಗ್ಗುವಂತೆ ರೂಪಿಸಿದವರಲ್ಲಿ ಇವರು ಪ್ರಮುಖರು. 1895ರಲ್ಲಿ ವಾಯುವನ್ನು ದೊಡ್ಡ ಪ್ರಮಾಣದಲ್ಲಿ ದ್ರವೀಕರಿಸುವ ವಿಧಾನವನ್ನು ಕಂಡುಹಿಡಿದರು. 1902ರಲ್ಲಿ ದ್ರವವಾಯುವಿನಿಂದ ಶುದ್ಧ ಆಮ್ಲಜನಕವನ್ನು ಬೇರ್ಪಡಿಸುವ ಸ್ಥಾವರವನ್ನು ನಿರ್ಮಿಸಿದರು. ಲೋಹಗಳ ಬೆಸುಗೆ ಮತ್ತು ಕತ್ತರಿಸುವಿಕೆ, ಉಕ್ಕಿನ ತಯಾರಿಕೆ, ಗಾಜಿನ ಕುಲುಮೆ ಮೊದಲಾದ ಕಡೆಗಳಲ್ಲಿ ದಹನವನ್ನು ತೀವ್ರಗೊಳಿಸಲು ಇಂದು ಬಳಸುವ ಆಮ್ಲಜನಕದ ಬಹುಪಾಲು ಅವರ ವಿಧಾನದಿಂದ ಬೆಳೆದುಬಂದ ಸ್ಥಾವರಗಳಲ್ಲಿಯೇ ತಯಾರಾಗುತ್ತದೆ. ಆಸ್ಪತ್ರೆಗಳಿಗೆ ಪೂರೈಕೆಯಾಗುವ ದ್ರವ ಆಮ್ಲಜನಕದ ಮೂಲವೂ ಇದೇ ಆಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಲಿಂಡೆಯವರು ಬವೇರಿಯಾ ರಾಜ್ಯದ ಅಪ್ಪರ್ ಫ್ರಾಂಕೋನಿಯಾ ಪ್ರಾಂತ್ಯದ ಬೆರ್ನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಲೂಥರನ್ ಪಂಥದ ಪಾದ್ರಿ. ಒಂಬತ್ತು ಮಕ್ಕಳಲ್ಲಿ ಕಾರ್ಲ್ ಮೂರನೆಯವರು. ತಂದೆಗೆ ಆಲ್ಗಾಯ್ ಪ್ರದೇಶದ ಕೆಂಪ್ಟನ್ ಪಟ್ಟಣಕ್ಕೆ ವರ್ಗವಾದುದರಿಂದ ಅವರ ಬಾಲ್ಯದ ಹೆಚ್ಚಿನ ಕಾಲ ಅಲ್ಲಿಯೇ ಕಳೆಯಿತು. ಅಲ್ಲಿನ ಹತ್ತಿ ಗಿರಣಿಯೊಂದರ ನಿರ್ದೇಶಕರ ಕುಟುಂಬದೊಡನೆ ಬೆಳೆದ ಸ್ನೇಹದಿಂದ ಬಾಲಕನಿಗೆ ಯಂತ್ರಗಳನ್ನು ಹತ್ತಿರದಿಂದ ನೋಡುವ ಅವಕಾಶ ದೊರೆಯಿತು. ಮಗನೂ ತನ್ನಂತೆ ಧರ್ಮಶಾಸ್ತ್ರವನ್ನು ಓದಿ ಪಾದ್ರಿಯಾಗಬೇಕೆಂಬುದು ತಂದೆಯ ಅಪೇಕ್ಷೆಯಾಗಿತ್ತು. ಮಗನ ಒಲವು ಯಂತ್ರವಿದ್ಯೆಯ ಕಡೆಗಿತ್ತು.

1861ರಲ್ಲಿ ಲಿಂಡೆಯವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಾಲಿಟೆಕ್ನಿಕ್ ಸೇರಿದರು. ಉಷ್ಣಗತಿಶಾಸ್ತ್ರದ ಎರಡನೆಯ ನಿಯಮವನ್ನು ರೂಪಿಸಿದ ರುಡಾಲ್ಫ್ ಕ್ಲಾಸಿಯಸ್, ಉಗಿಯಂತ್ರಗಳ ಸಿದ್ಧಾಂತಕ್ಕೆ ಹೆಸರಾದ ಗುಸ್ಟಾವ್ ತ್ಸಾಯ್ನರ್ ಹಾಗೂ ಯಂತ್ರಚಲನಶಾಸ್ತ್ರದ ಫ್ರಾಂಝ್ ರೂಲೊ ಅಲ್ಲಿ ಅವರ ಅಧ್ಯಾಪಕರಾಗಿದ್ದರು. ಶಾಖವು ತಾನಾಗಿ ತಣ್ಣನೆಯ ವಸ್ತುವಿನಿಂದ ಬಿಸಿಯ ವಸ್ತುವಿಗೆ ಹರಿಯಲಾರದು. ಹಾಗೆ ಹರಿಸಬೇಕಾದರೆ ಶ್ರಮವನ್ನು ವ್ಯಯಿಸಲೇಬೇಕು. ಕ್ಲಾಸಿಯಸ್ ಅವರಿಂದ ಕಲಿತ ಈ ತತ್ತ್ವವೇ ಲಿಂಡೆಯವರ ಮುಂದಿನ ಎಲ್ಲ ಸಂಶೋಧನೆಗಳಿಗೂ ತಳಹದಿಯಾಯಿತು. 1864ರಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಯೊಂದರಲ್ಲಿ ಭಾಗವಹಿಸಿದ ಕಾರಣ ಪದವಿ ದೊರೆಯುವ ಮೊದಲೇ ಅವರನ್ನು ಸಂಸ್ಥೆಯಿಂದ ಹೊರಹಾಕಲಾಯಿತು. ಪದವಿಪತ್ರವಿಲ್ಲದ ತರುಣನಿಗೆ ಕೆಂಪ್ಟನ್ ಬಳಿಯ ಹತ್ತಿ ಗಿರಣಿಯಲ್ಲಿ ಕೆಲಸ ಕಲಿಯುವ ಅವಕಾಶವನ್ನು ದೊರಕಿಸಿಕೊಟ್ಟವರು ಗುರುಗಳಾದ ರೂಲೊ.

ವೃತ್ತಿ ಜೀವನದ ಆರಂಭ

ಗಿರಣಿಯಲ್ಲಿ ಸ್ವಲ್ಪ ಕಾಲವಿದ್ದು, ಅನಂತರ ಬರ್ಲಿನ್ನಿನ ಬಾರ್ಸಿಗ್ ಕಾರ್ಖಾನೆಯಲ್ಲಿ ದುಡಿದ ಲಿಂಡೆಯವರು 1866ರಲ್ಲಿ ಮ್ಯೂನಿಕ್ ನಗರದಲ್ಲಿ ಹೊಸದಾಗಿ ಸ್ಥಾಪನೆಯಾದ ಕ್ರಾಸ್ ರೈಲ್ವೆ ಎಂಜಿನ್ ಕಾರ್ಖಾನೆಯ ತಾಂತ್ರಿಕ ವಿಭಾಗದ ಮುಖ್ಯಸ್ಥರಾದರು. ಅದೇ ವರ್ಷ ಹೆಲೆನೆ ಗ್ರಿಮ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಆರು ಮಂದಿ ಮಕ್ಕಳು. ಇವರಲ್ಲಿ ಫ್ರೀಡ್ರಿಕ್ ಮತ್ತು ರಿಚರ್ಡ್ ಮುಂದೆ ತಂದೆಯ ಉದ್ಯಮದಲ್ಲಿ ಪಾಲ್ಗೊಂಡರು.

1868ರಲ್ಲಿ ಮ್ಯೂನಿಕ್ಕಿನಲ್ಲಿ ಪಾಲಿಟೆಕ್ನಿಕ್ ಶಾಲೆ ಆರಂಭವಾದಾಗ ಲಿಂಡೆಯವರು ಕಡಿಮೆ ಸಂಬಳವನ್ನು ಒಪ್ಪಿಕೊಂಡು ಬೋಧಕ ವೃತ್ತಿಗೆ ಬಂದರು. 1872ರಲ್ಲಿ ಪೂರ್ಣ ಪ್ರಾಧ್ಯಾಪಕರಾದರು. ವಿದ್ಯಾರ್ಥಿಗಳು ಯಂತ್ರಗಳ ಸಿದ್ಧಾಂತವನ್ನು ಕಪ್ಪುಹಲಗೆಯ ಮೇಲೆ ಕಲಿತರೆ ಸಾಲದು, ಯಂತ್ರಗಳನ್ನು ನಡೆಸಿ, ಅಳೆದು ನೋಡಬೇಕು ಎಂಬುದು ಅವರ ನಿಲುವಾಗಿತ್ತು. ಅದರಂತೆ ಅವರು ಅಲ್ಲಿ ಯಂತ್ರ ಪ್ರಯೋಗಾಲಯವೊಂದನ್ನು ಸ್ಥಾಪಿಸಿದರು. ಡೀಸೆಲ್ ಎಂಜಿನ್ನಿನ ಜನಕ ರುಡಾಲ್ಫ್ ಡೀಸೆಲ್ ಅವರ ವಿದ್ಯಾರ್ಥಿ. ಡೀಸೆಲ್ ಪದವಿಯ ಬಳಿಕ ಹಲವು ವರ್ಷ ಲಿಂಡೆಯವರ ಶೈತ್ಯೀಕರಣ ಯಂತ್ರಗಳ ಉದ್ಯಮದಲ್ಲಿಯೇ ಕೆಲಸ ಮಾಡಿದರು.

ಶೈತ್ಯೀಕರಣ ಯಂತ್ರ

1870 ಮತ್ತು 1871ರಲ್ಲಿ ಲಿಂಡೆಯವರು ಕೃತಕ ಶೈತ್ಯದ ಉತ್ಪಾದನೆಯನ್ನು ಕುರಿತು ಲೇಖನಗಳನ್ನು ಪ್ರಕಟಿಸಿದರು. ಆಗ ಬಳಕೆಯಲ್ಲಿದ್ದ ಯಂತ್ರಗಳು ಸಿದ್ಧಾಂತವು ಅನುಮತಿಸುವ ದಕ್ಷತೆಗಿಂತ ಬಹಳ ಹಿಂದಿವೆ ಎಂಬುದನ್ನು ಲೆಕ್ಕದ ಮೂಲಕ ತೋರಿಸಿದರು. ಈ ಲೇಖನಗಳು ಬಿಯರ್ ತಯಾರಕರ ಗಮನವನ್ನು ಸೆಳೆದವು. ತಳಹುದುಗಿನ ಬಿಯರ್ ಮಾಗಲು ತಣ್ಣನೆಯ ನೆಲಮಾಳಿಗೆಗಳು ಬೇಕಾಗಿದ್ದವು. ಅವುಗಳನ್ನು ತಂಪಾಗಿಡಲು ಚಳಿಗಾಲದಲ್ಲಿ ಕೆರೆ, ಸರೋವರಗಳಿಂದ ಮಂಜುಗಡ್ಡೆಯನ್ನು ಕೊಯ್ದು ತುಂಬಿಡುತ್ತಿದ್ದರು. ಚಳಿ ಸಾಲದ ವರ್ಷಗಳಲ್ಲಿ ಮಂಜುಗಡ್ಡೆ ಸಿಗದೆ ಉದ್ಯಮ ಕಷ್ಟಕ್ಕೆ ಸಿಲುಕುತ್ತಿತ್ತು.

ಮ್ಯೂನಿಕ್ಕಿನ ಸ್ಪಾಟನ್ ಬಿಯರ್ ಕಾರ್ಖಾನೆಯ ಗೇಬ್ರಿಯಲ್ ಸೆಡ್ಲ್‌ಮಾಯರ್ ಅವರ ನೆರವಿನಿಂದ ಮೊದಲ ಯಂತ್ರವನ್ನು ಪರೀಕ್ಷಿಸಲಾಯಿತು. ಔಗ್ಸ್‌ಬರ್ಗ್ ಯಂತ್ರ ಕಾರ್ಖಾನೆಯಲ್ಲಿ ನಿರ್ಮಾಣವಾದ ಈ ಯಂತ್ರದಲ್ಲಿ ಮೀಥೈಲ್ ಈಥರ್ ಅನಿಲವನ್ನು ಬಳಸಲಾಗಿತ್ತು. ಅನಿಲ ಸೋರಿಕೆಯನ್ನು ತಡೆಯುವುದು ಕಷ್ಟವಾದುದರಿಂದ ಎರಡನೆಯ ಮಾದರಿಯಲ್ಲಿ ಲಿಂಡೆಯವರು ಅಮೋನಿಯಾವನ್ನು ಆರಿಸಿಕೊಂಡರು. ಸುಧಾರಿತ ಅಮೋನಿಯಾ ಯಂತ್ರವೊಂದು ಟ್ರಿಯೆಸ್ಟ್ ನಗರದ ಡ್ರೆಹರ್ ಬಿಯರ್ ಕಾರ್ಖಾನೆಯಲ್ಲಿ ಸ್ಥಾಪನೆಯಾಗಿ 1908ರವರೆಗೂ ಕೆಲಸ ಮಾಡಿತು.

1879ರ ಜೂನ್ 21ರಂದು ವೀಸ್‌ಬಾಡೆನ್ ನಗರದಲ್ಲಿ ಲಿಂಡೆ ಮಂಜುಗಡ್ಡೆ ಯಂತ್ರಗಳ ಕಂಪನಿ ಸ್ಥಾಪನೆಯಾಯಿತು. ಪ್ರಾಧ್ಯಾಪಕ ಹುದ್ದೆಗೆ ರಾಜೀನಾಮೆ ನೀಡಿದ ಲಿಂಡೆಯವರು ಕಂಪನಿಯ ಆಡಳಿತವನ್ನು ವಹಿಸಿಕೊಂಡರು. ಬಿಯರ್ ಕಾರ್ಖಾನೆಗಳಲ್ಲಿ ಆರಂಭವಾದ ಈ ಯಂತ್ರಗಳು ಮಾಂಸ ಸಂಗ್ರಹಾಲಯ, ಮಂಜುಗಡ್ಡೆ ಕಾರ್ಖಾನೆ, ಹಾಲಿನ ಉದ್ಯಮಗಳಿಗೂ ಹಬ್ಬಿದವು. 1890ರ ವೇಳೆಗೆ ಏಳುನೂರಕ್ಕೂ ಹೆಚ್ಚು ಯಂತ್ರಗಳು ಮಾರಾಟವಾಗಿದ್ದವು. ಆ ವರ್ಷ ಲಿಂಡೆಯವರು ದಿನನಿತ್ಯದ ಆಡಳಿತದಿಂದ ಹಿಂದೆ ಸರಿದು ಮೇಲ್ವಿಚಾರಣಾ ಮಂಡಳಿಯಲ್ಲಿ ಉಳಿದರು. ಮ್ಯೂನಿಕ್ಕಿಗೆ ಹಿಂದಿರುಗಿ ಮತ್ತೆ ಸಂಶೋಧನೆ ಮತ್ತು ಬೋಧನೆಯಲ್ಲಿ ತೊಡಗಿದರು.

ದಹನದಲ್ಲಿ ಸಾರಜನಕದ ಸಮಸ್ಯೆ

ಲಿಂಡೆಯವರ ಮುಂದಿನ ಕೆಲಸದ ಮಹತ್ವವನ್ನು ಅರಿಯಲು ದಹನಕ್ರಿಯೆಯ ಸ್ವರೂಪವನ್ನು ತಿಳಿಯುವುದು ಅಗತ್ಯ. ವಾಯುವಿನಲ್ಲಿ ಗಾತ್ರದ ಲೆಕ್ಕದಲ್ಲಿ ಸುಮಾರು ಶೇ. 21ರಷ್ಟು ಆಮ್ಲಜನಕ, ಶೇ. 78ರಷ್ಟು ಸಾರಜನಕ, ಶೇ. 1ಕ್ಕೂ ಕಡಿಮೆ ಆರ್ಗಾನ್ ಇವೆ. ಇಂಧನ ಉರಿಯಲು ಬೇಕಾದುದು ಆಮ್ಲಜನಕ ಮಾತ್ರ. ಕಮ್ಮಾರನು ತಿದಿಯೊತ್ತಿದಾಗ ಕೆಂಡ ಪ್ರಜ್ವಲಿಸುವುದು ಹೆಚ್ಚು ಆಮ್ಲಜನಕ ಒದಗುವುದರಿಂದ. ಆದರೆ ಪ್ರತಿ ಒಂದು ಪಾಲು ಆಮ್ಲಜನಕದ ಜೊತೆಗೆ ಸುಮಾರು 3.76 ಪಾಲು ಇತರ ಅನಿಲಗಳು, ಮುಖ್ಯವಾಗಿ ಸಾರಜನಕ, ಕುಲುಮೆಯನ್ನು ಹೊಕ್ಕು, ಉರಿಯಲ್ಲಿ ಪಾಲ್ಗೊಳ್ಳದೆ, ಶಾಖವನ್ನು ಹೀರಿಕೊಂಡು ಬಿಸಿಯಾಗಿಯೇ ಚಿಮಣಿಯಿಂದ ಹೊರಹೋಗುತ್ತವೆ.

ಉದಾಹರಣೆಗೆ, ಒಂದು ಘನ ಮೀಟರ್ ಮೀಥೇನ್ ಅನಿಲ ಪೂರ್ಣವಾಗಿ ಉರಿಯಲು ಎರಡು ಘನ ಮೀಟರ್ ಆಮ್ಲಜನಕ ಸಾಕು. ಅದನ್ನು ವಾಯುವಿನಿಂದಲೇ ಪಡೆಯುವುದಾದರೆ ಸುಮಾರು ಒಂಬತ್ತೂವರೆ ಘನ ಮೀಟರ್ ವಾಯು ಬೇಕು. ಅದರಲ್ಲಿ ಏಳೂವರೆ ಘನ ಮೀಟರ್ ದಹನಕ್ಕೆ ಉಪಯೋಗವಿಲ್ಲದ ಅನಿಲ. ಈ ಕಾರಣದಿಂದ ಮೀಥೇನ್ ಜ್ವಾಲೆಯ ಸೈದ್ಧಾಂತಿಕ ತಾಪಮಾನ ವಾಯುವಿನಲ್ಲಿ ಸುಮಾರು 1,950 ಡಿಗ್ರಿ ಸೆಲ್ಸಿಯಸ್ ಆಗಿದ್ದರೆ, ಶುದ್ಧ ಆಮ್ಲಜನಕದಲ್ಲಿ ಸುಮಾರು 2,800 ಡಿಗ್ರಿಯಷ್ಟಿದೆ. ಶುದ್ಧ ಆಮ್ಲಜನಕವನ್ನೇ ಬಳಸಬೇಕೆಂದೇನೂ ಇಲ್ಲ. ವಾಯುವಿಗೆ ಸ್ವಲ್ಪ ಆಮ್ಲಜನಕವನ್ನು ಬೆರೆಸಿ ಅದರ ಪ್ರಮಾಣವನ್ನು ಶೇ. 21ರಿಂದ ಶೇ. 25ಕ್ಕೆ ಏರಿಸಿದರೂ, ಪ್ರತಿ ಪಾಲು ಆಮ್ಲಜನಕದ ಜೊತೆಗಿರುವ ಅನುಪಯುಕ್ತ ಅನಿಲ 3.76ರಿಂದ 3 ಪಾಲಿಗೆ, ಅಂದರೆ ಐದನೆಯ ಒಂದರಷ್ಟು, ಇಳಿಯುತ್ತದೆ. ಅದೇ ಕುಲುಮೆಯಲ್ಲಿ ಹೆಚ್ಚು ಲೋಹವನ್ನು ಕರಗಿಸಲು ಅಥವಾ ಅದೇ ಕೆಲಸವನ್ನು ಕಡಿಮೆ ಇಂಧನದಲ್ಲಿ ಮುಗಿಸಲು ಇದರಿಂದ ಸಾಧ್ಯವಾಗುತ್ತದೆ.

ಈ ತತ್ತ್ವ ಲಿಂಡೆಯವರಿಗಿಂತ ಮೊದಲೇ ತಿಳಿದಿತ್ತು. ದಹನದಲ್ಲಿ ಆಮ್ಲಜನಕದ ಪಾತ್ರವನ್ನು ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಲಾವೋಸಿಯೆ ಸ್ಥಾಪಿಸಿದ್ದರು. ಕರಗಿದ ಕಬ್ಬಿಣದ ಮೂಲಕ ವಾಯುವನ್ನು ಊದಿ ಉಕ್ಕನ್ನು ತಯಾರಿಸಿದ ಹೆನ್ರಿ ಬೆಸ್ಸೆಮರ್ ಅವರು ಆಮ್ಲಜನಕವನ್ನು ಬಳಸುವ ಸಾಧ್ಯತೆಯನ್ನು 1850ರ ದಶಕದಲ್ಲಿಯೇ ಯೋಚಿಸಿದ್ದರು. ಆದರೆ ಕೈಗಾರಿಕೆಗೆ ಸಾಲುವಷ್ಟು ಆಮ್ಲಜನಕವನ್ನು ಅಗ್ಗವಾಗಿ ಪಡೆಯುವ ಮಾರ್ಗ ಆಗ ಇರಲಿಲ್ಲ. 1880ರ ದಶಕದಲ್ಲಿ ಬ್ರಿನ್ ಸಹೋದರರು ಬೇರಿಯಂ ಆಕ್ಸೈಡನ್ನು ಬಿಸಿಮಾಡಿ ವಾಯುವಿನಿಂದ ಆಮ್ಲಜನಕವನ್ನು ಸೆಳೆಯುವ ರಾಸಾಯನಿಕ ವಿಧಾನವನ್ನು ಇಂಗ್ಲೆಂಡಿನಲ್ಲಿ ವಾಣಿಜ್ಯ ಮಟ್ಟಕ್ಕೆ ತಂದರೂ, ಕುಲುಮೆಗಳಲ್ಲಿ ಉರಿಸಲು ಅದು ತೀರ ದುಬಾರಿಯಾಗಿತ್ತು.

ವಾಯುವಿನ ದ್ರವೀಕರಣ

1877ರಲ್ಲಿ ಫ್ರಾನ್ಸಿನ ಲೂಯಿ ಕೇಯ್ಟೆ ಮತ್ತು ಸ್ವಿಟ್ಜರ್ಲೆಂಡಿನ ರಾವುಲ್ ಪಿಕ್ಟೆ ಪ್ರತ್ಯೇಕವಾಗಿ ಆಮ್ಲಜನಕವನ್ನು ದ್ರವೀಕರಿಸಿದರು. ಆದರೆ ಅವರಿಗೆ ದೊರೆತದ್ದು ಕ್ಷಣಕಾಲ ಕಾಣಿಸಿಕೊಂಡ ಹನಿಗಳು ಅಥವಾ ಮಂಜು ಮಾತ್ರ. 1883ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ವ್ರುಬ್ಲೆವ್‌ಸ್ಕಿ ಮತ್ತು ಓಲ್ಷೆವ್‌ಸ್ಕಿ ಅಳೆಯಬಹುದಾದ ಪ್ರಮಾಣದಲ್ಲಿ ದ್ರವ ಆಮ್ಲಜನಕವನ್ನು ಪಡೆದರು. ಇವೆಲ್ಲ ಪ್ರಯೋಗಾಲಯದ ಸಾಧನೆಗಳಾಗಿದ್ದವು.

ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯು 1892ರಲ್ಲಿ ಇಂಗಾಲದ ಡೈಆಕ್ಸೈಡನ್ನು ದ್ರವೀಕರಿಸುವ ಸ್ಥಾವರವನ್ನು ಕೇಳಿದುದು ಲಿಂಡೆಯವರನ್ನು ಅತಿಶೈತ್ಯದ ಕ್ಷೇತ್ರಕ್ಕೆ ಎಳೆಯಿತು. ಅವರು ಆಧಾರವಾಗಿಟ್ಟುಕೊಂಡದ್ದು ಜೂಲ್–ಥಾಮ್ಸನ್ ಪರಿಣಾಮವನ್ನು. ಹೆಚ್ಚಿನ ಒತ್ತಡದಲ್ಲಿರುವ ಅನಿಲವನ್ನು ಇಕ್ಕಟ್ಟಾದ ಕವಾಟದ ಮೂಲಕ ಕಡಿಮೆ ಒತ್ತಡಕ್ಕೆ ಬಿಟ್ಟಾಗ ಅದು ಸ್ವಲ್ಪ ತಣ್ಣಗಾಗುತ್ತದೆ. ಸಾಮಾನ್ಯ ತಾಪಮಾನದಲ್ಲಿ ಒಂದು ವಾಯುಮಂಡಲದಷ್ಟು ಒತ್ತಡ ಇಳಿದರೆ ವಾಯುವಿನ ತಾಪಮಾನ ಸುಮಾರು ಕಾಲು ಡಿಗ್ರಿಯಷ್ಟೇ ಇಳಿಯುತ್ತದೆ. ಇಷ್ಟು ಅಲ್ಪ ಪರಿಣಾಮದಿಂದ ವಾಯುವನ್ನು ಸುಮಾರು ಮೈನಸ್ 190 ಡಿಗ್ರಿಯವರೆಗೆ ತಣ್ಣಗಾಗಿಸುವುದು ಅಸಾಧ್ಯವೆಂದು ತೋರುತ್ತಿತ್ತು.

ಲಿಂಡೆಯವರ ಉಪಾಯ ಈ ಅಲ್ಪ ತಂಪನ್ನು ಕೂಡಿಡುವುದಾಗಿತ್ತು. ಒಂದರೊಳಗೊಂದು ಇರಿಸಿದ ಉದ್ದವಾದ ಕೊಳವೆಗಳಲ್ಲಿ ಒಳಬರುವ ವಾಯು ಮತ್ತು ಕವಾಟವನ್ನು ದಾಟಿ ತಣ್ಣಗಾದ ವಾಯು ಎದುರುಬದುರಾಗಿ ಹರಿಯುವಂತೆ ಅವರು ಮಾಡಿದರು. ಹಿಂದಿರುಗುವ ವಾಯು ತನ್ನ ತಂಪನ್ನು ಒಳಬರುವ ವಾಯುವಿಗೆ ಕೊಟ್ಟು ಹೊರಹೋಗುತ್ತದೆ. ಒಳಬರುವ ವಾಯು ಆಗಲೇ ತಣ್ಣಗಾಗಿ ಕವಾಟವನ್ನು ತಲುಪಿ, ಅಲ್ಲಿ ಮತ್ತಷ್ಟು ತಣ್ಣಗಾಗುತ್ತದೆ. ಹೀಗೆ ಸುತ್ತಿನಿಂದ ಸುತ್ತಿಗೆ ತಾಪಮಾನ ಇಳಿಯುತ್ತ ಹೋಗಿ ಕೊನೆಗೆ ವಾಯುವಿನ ಒಂದು ಭಾಗ ದ್ರವವಾಗುತ್ತದೆ. 1895ರ ಮೇ ತಿಂಗಳಿನಲ್ಲಿ ಮ್ಯೂನಿಕ್ಕಿನಲ್ಲಿ ಯಂತ್ರವನ್ನು ದಿನಗಟ್ಟಲೆ ನಡೆಸಿದ ಬಳಿಕ ನಸುನೀಲಿ ಬಣ್ಣದ ದ್ರವವಾಯು ಸಂಗ್ರಹವಾಯಿತು. ಜೂನ್ ತಿಂಗಳಿನಲ್ಲಿ ಅವರು ಜರ್ಮನಿಯಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಅದೇ ವರ್ಷ ಇಂಗ್ಲೆಂಡಿನ ವಿಲಿಯಂ ಹ್ಯಾಂಪ್ಸನ್ ಕೂಡ ಸ್ವತಂತ್ರವಾಗಿ ಇದೇ ಬಗೆಯ ವಿಧಾನಕ್ಕೆ ಪೇಟೆಂಟ್ ಕೋರಿದ್ದರಿಂದ ಇದನ್ನು ಹ್ಯಾಂಪ್ಸನ್–ಲಿಂಡೆ ಚಕ್ರವೆಂದೂ ಕರೆಯುತ್ತಾರೆ. 1897ರಲ್ಲಿ ಬವೇರಿಯಾದ ಅರಸು ಮನೆತನದಿಂದ ಲಿಂಡೆಯವರಿಗೆ ಸರದಾರ ಪದವಿ ದೊರೆತು ಅವರ ಹೆಸರಿನಲ್ಲಿ ಫಾನ್ ಎಂಬುದು ಸೇರಿತು.

ಆಮ್ಲಜನಕದ ಬೇರ್ಪಡಿಕೆ

ದ್ರವವಾಯುವನ್ನು ಪಡೆದುದರಿಂದ ಆಮ್ಲಜನಕ ದೊರೆತಂತಾಗಲಿಲ್ಲ. ಸಾಮಾನ್ಯ ಒತ್ತಡದಲ್ಲಿ ಸಾರಜನಕ ಮೈನಸ್ 196 ಡಿಗ್ರಿಯಲ್ಲಿಯೂ ಆಮ್ಲಜನಕ ಮೈನಸ್ 183 ಡಿಗ್ರಿಯಲ್ಲಿಯೂ ಕುದಿಯುತ್ತವೆ. ದ್ರವವಾಯುವನ್ನು ಆವಿಯಾಗಲು ಬಿಟ್ಟರೆ ಸಾರಜನಕ ಹೆಚ್ಚಾಗಿ ಹಾರಿಹೋಗಿ ಉಳಿದ ದ್ರವದಲ್ಲಿ ಆಮ್ಲಜನಕದ ಪ್ರಮಾಣ ಏರುತ್ತದೆ. ಇದರಿಂದ ಸುಮಾರು ಅರ್ಧ ಭಾಗ ಆಮ್ಲಜನಕವಿರುವ ಅನಿಲವನ್ನು ಪಡೆಯಬಹುದಿತ್ತು. ಇಂತಹ ಸಮೃದ್ಧ ವಾಯುವನ್ನು ಕುಲುಮೆಗಳಿಗೆ ಮತ್ತು ರಾಸಾಯನಿಕ ಕೈಗಾರಿಕೆಗೆ ಒದಗಿಸಬಹುದೆಂಬುದು ಲಿಂಡೆಯವರ ಆರಂಭದ ಆಶಯವಾಗಿತ್ತು. ಆಮ್ಲಜನಕ ಹೆಚ್ಚಿರುವ ದ್ರವವನ್ನು ಇದ್ದಿಲ ಪುಡಿಗೆ ಹೀರಿಸಿ 1897ರಲ್ಲಿ ಆಕ್ಸಿಲಿಕ್ವಿಟ್ ಎಂಬ ಸ್ಫೋಟಕವನ್ನೂ ಅವರು ತಯಾರಿಸಿದರು. ಆದರೆ ದೊಡ್ಡ ಕುಲುಮೆಗಳು ಬೇಡುವಷ್ಟು ಪ್ರಮಾಣವನ್ನು ಅಂದಿನ ಯಂತ್ರಗಳು ಕೈಗೆಟುಕುವ ಬೆಲೆಯಲ್ಲಿ ನೀಡಲಾರದಾಗಿದ್ದವು.

ಶುದ್ಧ ಆಮ್ಲಜನಕಕ್ಕೆ ಬೇಡಿಕೆ ಬೇರೆ ಕಡೆಯಿಂದ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ಆಮ್ಲಜನಕ ಮತ್ತು ಅಸಿಟಿಲೀನ್ ಉರಿಸುವ ಬೆಸುಗೆ ದೀವಟಿಗೆ ರೂಪುಗೊಂಡಿತು. ಇದರ ಜ್ವಾಲೆಯ ತಾಪಮಾನ ಸುಮಾರು 3,100 ಡಿಗ್ರಿ. ಇದಕ್ಕೆ ಅರ್ಧ ಶುದ್ಧಿಯ ಅನಿಲ ಸಾಲದು. ಲಿಂಡೆಯವರು ಮದ್ಯಸಾರವನ್ನು ಬಟ್ಟಿ ಇಳಿಸುವ ಗೋಪುರದ ತತ್ತ್ವವನ್ನು ದ್ರವವಾಯುವಿಗೆ ಅನ್ವಯಿಸಿದರು. ಗೋಪುರದಲ್ಲಿ ಮೇಲೇರುವ ಆವಿ ಮತ್ತು ಕೆಳಗಿಳಿಯುವ ದ್ರವ ಮತ್ತೆ ಮತ್ತೆ ಸಂಪರ್ಕಕ್ಕೆ ಬಂದಾಗ ಸಾರಜನಕ ಮೇಲಕ್ಕೂ ಆಮ್ಲಜನಕ ಕೆಳಕ್ಕೂ ಸೇರುತ್ತವೆ. 1902ರಲ್ಲಿ ಈ ವಿಧಾನದಿಂದ ಶುದ್ಧ ಆಮ್ಲಜನಕ ಲಭಿಸಿತು. ಮ್ಯೂನಿಕ್ ಸಮೀಪದ ಹೋಲ್ರೀಗಲ್ಸ್‌ಕ್ರೊಯ್ತ್ ಕಂಪನಿಯ ಅನಿಲ ವಿಭಾಗದ ಕೇಂದ್ರವಾಗಿ ಬೆಳೆಯಿತು. ಒಂದೇ ಗೋಪುರದಲ್ಲಿ ಆಮ್ಲಜನಕದ ಗಣನೀಯ ಭಾಗ ಸಾರಜನಕದೊಡನೆ ನಷ್ಟವಾಗುತ್ತಿತ್ತು. 1910ರಲ್ಲಿ ರೂಪುಗೊಂಡ ಎರಡು ಗೋಪುರಗಳ ಜೋಡಣೆ ಈ ನಷ್ಟವನ್ನು ತಪ್ಪಿಸಿ, ಎರಡೂ ಅನಿಲಗಳನ್ನು ಏಕಕಾಲಕ್ಕೆ ಶುದ್ಧರೂಪದಲ್ಲಿ ನೀಡಿತು. ಇಂದಿನ ದೊಡ್ಡ ವಾಯು ಬೇರ್ಪಡಿಕೆ ಸ್ಥಾವರಗಳ ಮೂಲ ವಿನ್ಯಾಸ ಇದೇ ಆಗಿದೆ.

ಇದೇ ಅವಧಿಯಲ್ಲಿ ಫ್ರಾನ್ಸಿನ ಜಾರ್ಜ್ ಕ್ಲೋಡ್, ಸಂಪೀಡಿತ ವಾಯುವಿನಿಂದ ಯಂತ್ರವನ್ನು ನಡೆಸಿ ತಂಪನ್ನು ಪಡೆಯುವ ಮತ್ತೊಂದು ಮಾರ್ಗವನ್ನು 1902ರಲ್ಲಿ ಸಾಧಿಸಿದರು. ಅವರ ಕೆಲಸದಿಂದ ಏರ್ ಲಿಕ್ವಿಡ್ ಸಂಸ್ಥೆ ಬೆಳೆಯಿತು. ಮುಂದಿನ ಸ್ಥಾವರಗಳು ಈ ಇಬ್ಬರ ಕೊಡುಗೆಗಳನ್ನೂ ಬಳಸಿಕೊಂಡವು.

ಅಂತಾರಾಷ್ಟ್ರೀಯ ವಿಸ್ತರಣೆ ಮತ್ತು ಮೊದಲ ಮಹಾಯುದ್ಧ

1907ರಲ್ಲಿ ಅಮೆರಿಕದಲ್ಲಿ ಲಿಂಡೆ ಏರ್ ಪ್ರಾಡಕ್ಟ್ಸ್ ಕಂಪನಿ ಸ್ಥಾಪನೆಯಾಯಿತು. 1917ರಲ್ಲಿ ಅದು ಯೂನಿಯನ್ ಕಾರ್ಬೈಡ್ ಸಮೂಹಕ್ಕೆ ಸೇರಿತು. ಯುದ್ಧದ ಪರಿಣಾಮವಾಗಿ ಜರ್ಮನಿಯ ಮೂಲ ಕಂಪನಿ ಅಮೆರಿಕದ ಸಂಸ್ಥೆಯ ಮೇಲಿನ ತನ್ನ ಹಿಡಿತವನ್ನು ಕಳೆದುಕೊಂಡಿತು. ಯುದ್ಧಕಾಲದಲ್ಲಿ ಜರ್ಮನಿಗೆ ಚಿಲಿ ದೇಶದ ನೈಟ್ರೇಟ್ ಬರುವುದು ನಿಂತಾಗ ವಾಯುವಿನಿಂದ ಪಡೆದ ಸಾರಜನಕ ಗೊಬ್ಬರಕ್ಕೂ ಸಿಡಿಮದ್ದಿಗೂ ಕಚ್ಚಾವಸ್ತುವಾಯಿತು. ದ್ರವ ಆಮ್ಲಜನಕದ ಸ್ಫೋಟಕಗಳೂ ಗಣಿಗಳಲ್ಲಿ ಬಳಕೆಗೆ ಬಂದವು. ಶಾಂತಿಕಾಲದ ಕೈಗಾರಿಕೆಗಾಗಿ ಬೆಳೆದ ತಂತ್ರ ಯುದ್ಧದ ಅಗತ್ಯಗಳಿಗೂ ಒದಗಿದ್ದು ಹೀಗೆ.

ಲಿಂಡೆಯವರು 1916ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು. ಮ್ಯೂನಿಕ್ಕಿನ ಡಾಯ್ಚಸ್ ಮ್ಯೂಸಿಯಂ ವಿಜ್ಞಾನ ಸಂಗ್ರಹಾಲಯದ ಸ್ಥಾಪನೆಯಲ್ಲಿ ಆಸ್ಕರ್ ಫಾನ್ ಮಿಲ್ಲರ್ ಅವರೊಡನೆ ಶ್ರಮಿಸಿದರು. ಜರ್ಮನ್ ಎಂಜಿನಿಯರುಗಳ ಸಂಘದ ಅಧ್ಯಕ್ಷರಾಗಿದ್ದರು. 1916ರಲ್ಲಿ ವರ್ನರ್ ಫಾನ್ ಸೀಮೆನ್ಸ್ ಉಂಗುರ ಪ್ರಶಸ್ತಿ ಅವರಿಗೆ ಸಂದಿತು. ಪದವಿಯಿಲ್ಲದೆ ಕಾಲೇಜನ್ನು ಬಿಡಬೇಕಾಗಿದ್ದ ಅವರಿಗೆ ಹಲವು ವಿದ್ಯಾಸಂಸ್ಥೆಗಳು ಗೌರವ ಡಾಕ್ಟರೇಟ್ ನೀಡಿದವು.

ಕೊನೆಯ ದಿನಗಳು

ಕುಲುಮೆಗಳಿಗೆ ಸಾಲುವಷ್ಟು ಅಗ್ಗದ ಆಮ್ಲಜನಕವೆಂಬ ಗುರಿ ಲಿಂಡೆಯವರ ಜೀವಿತದ ಕೊನೆಯಲ್ಲಷ್ಟೇ ಸಮೀಪಿಸಿತು. 1920ರ ದಶಕದ ಕೊನೆಗೆ ಮಥಿಯಾಸ್ ಫ್ರೆಂಕ್ಲ್ ಅವರು ಲೋಹದ ಪಟ್ಟಿಗಳನ್ನು ತುಂಬಿದ ಶಾಖಸಂಗ್ರಾಹಕಗಳನ್ನು ರೂಪಿಸಿದರು. ಇವುಗಳಿಂದ ಒಳಬರುವ ವಾಯುವನ್ನು ಕಡಿಮೆ ಒತ್ತಡದಲ್ಲಿಯೇ ತಣ್ಣಗಾಗಿಸುವುದರ ಜೊತೆಗೆ ಅದರ ತೇವಾಂಶ ಮತ್ತು ಇಂಗಾಲದ ಡೈಆಕ್ಸೈಡನ್ನೂ ತೆಗೆಯಬಹುದಾಗಿತ್ತು. ಲಿಂಡೆ–ಫ್ರೆಂಕ್ಲ್ ವಿಧಾನವೆಂದು ಹೆಸರಾದ ಇದು ಆಮ್ಲಜನಕವನ್ನು ಸಿಲಿಂಡರಿನ ಲೆಕ್ಕದಿಂದ ಟನ್ನಿನ ಲೆಕ್ಕಕ್ಕೆ ಏರಿಸಿತು. ಲಿಂಡೆಯವರು 1934ರ ನವೆಂಬರ್ 16ರಂದು ಮ್ಯೂನಿಕ್ಕಿನಲ್ಲಿ ತಮ್ಮ 92ನೆಯ ವಯಸ್ಸಿನಲ್ಲಿ ನಿಧನರಾದರು.

ಕೈಗಾರಿಕೆಯ ಮೇಲಿನ ಪ್ರಭಾವ

ಲಿಂಡೆಯವರ ಮರಣಾನಂತರ ಆಮ್ಲಜನಕದ ಬಳಕೆ ಅತಿ ಹೆಚ್ಚಾಗಿ ಬೆಳೆದುದು ಉಕ್ಕಿನ ಕೈಗಾರಿಕೆಯಲ್ಲಿ. ಬೆಸ್ಸೆಮರ್ ವಿಧಾನದಲ್ಲಿ ಊದುತ್ತಿದ್ದ ವಾಯುವಿನ ಸಾರಜನಕ ಶಾಖವನ್ನು ಕಸಿಯುವುದರ ಜೊತೆಗೆ ಉಕ್ಕಿನಲ್ಲಿ ಬೆರೆತು ಅದನ್ನು ಪೆಡಸಾಗಿಸುತ್ತಿತ್ತು. 1948ರಲ್ಲಿ ಸ್ವಿಟ್ಜರ್ಲೆಂಡಿನ ಗೆರ್ಲಾಫಿಂಗನ್‌ನಲ್ಲಿ ರಾಬರ್ಟ್ ಡುರರ್ ಮತ್ತು ಅವರ ಸಹೋದ್ಯೋಗಿ ಕರಗಿದ ಕಬ್ಬಿಣದ ಮೇಲೆ ಶುದ್ಧ ಆಮ್ಲಜನಕವನ್ನು ಊದುವ ಪ್ರಯೋಗದಲ್ಲಿ ಯಶಸ್ವಿಯಾದರು. ಆಸ್ಟ್ರಿಯಾದ ಲಿಂಟ್ಸ್ ಮತ್ತು ಡೊನಾವಿಟ್ಸ್ ಕಾರ್ಖಾನೆಗಳಲ್ಲಿ ಕ್ರಮವಾಗಿ 1952 ಮತ್ತು 1953ರಲ್ಲಿ ಇದರ ವಾಣಿಜ್ಯ ಬಳಕೆ ಆರಂಭವಾಯಿತು. ಆ ಊರುಗಳ ಹೆಸರಿನಿಂದ ಇದಕ್ಕೆ ಎಲ್.ಡಿ. ವಿಧಾನವೆಂಬ ಹೆಸರು ಬಂದಿತು. ಒಂದು ಟನ್ ಉಕ್ಕಿಗೆ ಸುಮಾರು 50 ಘನ ಮೀಟರ್ ಆಮ್ಲಜನಕ ಬೇಕಾಗುತ್ತದೆ. ಹಳೆಯ ತೆರೆದ ಒಲೆಯ ಕುಲುಮೆಯಲ್ಲಿ ಹಲವು ಗಂಟೆಗಳು ಹಿಡಿಯುತ್ತಿದ್ದ ಕೆಲಸದಲ್ಲಿ ಊದುವ ಹಂತ ಸುಮಾರು 20 ನಿಮಿಷಗಳಲ್ಲಿ ಮುಗಿಯುತ್ತದೆ. ಭಾರತದಲ್ಲಿ ಒಡಿಶಾದ ರೂರ್ಕೆಲಾ ಉಕ್ಕಿನ ಕಾರ್ಖಾನೆ ಈ ವಿಧಾನವನ್ನು ಮೊದಲು ಅಳವಡಿಸಿಕೊಂಡಿತು.

ಊದುಕುಲುಮೆಗಳಿಗೆ ಹಾಯಿಸುವ ಬಿಸಿಗಾಳಿಗೆ ಆಮ್ಲಜನಕವನ್ನು ಬೆರೆಸುವುದೂ ಈಗ ವಾಡಿಕೆಯಾಗಿದೆ. ತಾಮ್ರದ ಅದಿರಿನ ಕರಗಿಸುವಿಕೆ, ಗಾಜಿನ ಕುಲುಮೆ, ಉಕ್ಕನ್ನು ಮತ್ತೆ ಕಾಯಿಸುವ ಕುಲುಮೆಗಳಲ್ಲಿಯೂ ಇದರ ಬಳಕೆಯಿದೆ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಲಿಂಡೆಯವರ ಎರಡೂ ಬಗೆಯ ಸಂಶೋಧನೆಗಳ ಮುಂದುವರಿಕೆಯನ್ನು ಕಾಣಬಹುದು. ಹಾಸನ ಜಿಲ್ಲೆಯ ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ರೈತರು ಮುಂಗಾರಿನಲ್ಲಿ ಆಲೂಗಡ್ಡೆಯನ್ನು ಬೆಳೆಯುತ್ತಾರೆ. ಇದಕ್ಕೆ ಬೇಕಾದ ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬಂದು, ಹಾಸನದ ಶೈತ್ಯಾಗಾರಗಳಲ್ಲಿ ಬಿತ್ತನೆಯ ಕಾಲದವರೆಗೆ ಸಂಗ್ರಹವಾಗಿರುತ್ತದೆ. ದೇಶದ ಶೈತ್ಯಾಗಾರಗಳಲ್ಲಿ ಹೆಚ್ಚಿನವು ಅಮೋನಿಯಾ ಸಂಪೀಡನ ಯಂತ್ರಗಳನ್ನೇ ಬಳಸುತ್ತವೆ. ಸಣ್ಣ ಪಟ್ಟಣಗಳ ಗ್ಯಾಸ್ ವೆಲ್ಡಿಂಗ್ ಅಂಗಡಿಗಳಲ್ಲಿ ಟ್ರಾಕ್ಟರ್ ಟ್ರೈಲರು, ನೇಗಿಲುಗಳ ಕಬ್ಬಿಣವನ್ನು ಕತ್ತರಿಸುವ ಜ್ವಾಲೆಗೆ ಸಿಲಿಂಡರುಗಳಲ್ಲಿ ಬರುವ ಆಮ್ಲಜನಕವೂ ಸಾಮಾನ್ಯವಾಗಿ ವಾಯು ಬೇರ್ಪಡಿಕೆ ಸ್ಥಾವರಗಳದ್ದೇ.

ದೊಡ್ಡ ಪ್ರಮಾಣದ ದಹನದಲ್ಲಿ ಆಮ್ಲಜನಕದ ಬಳಕೆಗೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಪ್ರಮುಖ ನಿದರ್ಶನ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದಾಗ ಮಲೆನಾಡಿನ ಕಟ್ಟಿಗೆಯ ಇದ್ದಿಲು ಇಂಧನವಾಗಿತ್ತು. ತೋರಣಗಲ್ಲಿನಲ್ಲಿ ಜಿಂದಾಲ್ ಸಂಸ್ಥೆಯು 1999ರಲ್ಲಿ ಕೋರೆಕ್ಸ್ ವಿಧಾನವನ್ನು ಆರಂಭಿಸಿತು. ಇದರಲ್ಲಿ ಬಿಸಿಗಾಳಿಯ ಬದಲು ಆಮ್ಲಜನಕವನ್ನೇ ಊದುತ್ತಾರೆ. ಆದ್ದರಿಂದ ಕೋಕ್ ಆಗದ ಸಾಧಾರಣ ಕಲ್ಲಿದ್ದಲನ್ನೂ ಹೆಚ್ಚಿನ ಪ್ರಮಾಣದಲ್ಲಿ ಬಳಸಬಹುದು. ಸಾರಜನಕ ಬೆರೆಯದ ಕಾರಣ ಹೊರಬರುವ ಅನಿಲ ವಿದ್ಯುತ್ ಉತ್ಪಾದನೆಗೆ ಒಳ್ಳೆಯ ಇಂಧನವಾಗುತ್ತದೆ. ಅಲ್ಲಿನ ಆಮ್ಲಜನಕ ಸ್ಥಾವರಗಳ ಸ್ಥಾಪನೆಯಲ್ಲಿ ಪಾಲುದಾರನಾಗಿದ್ದ ಪ್ರಾಕ್ಸೇರ್, 1907ರಲ್ಲಿ ಸ್ಥಾಪನೆಯಾದ ಅಮೆರಿಕದ ಲಿಂಡೆ ಕಂಪನಿಯ ಉತ್ತರಾಧಿಕಾರಿ. ಯುದ್ಧದಿಂದ ಬೇರೆಯಾದ ಅಮೆರಿಕ ಮತ್ತು ಜರ್ಮನಿಯ ಶಾಖೆಗಳು 2018ರಲ್ಲಿ ಮತ್ತೆ ಒಂದಾದವು. 2021ರಲ್ಲಿ ಕೋವಿಡ್ ಸೋಂಕಿನ ಎರಡನೆಯ ಅಲೆಯ ವೇಳೆ ತೋರಣಗಲ್ಲಿನ ಸ್ಥಾವರಗಳಿಂದ ದ್ರವ ಆಮ್ಲಜನಕವನ್ನು ಆಸ್ಪತ್ರೆಗಳಿಗೆ ಸಾಗಿಸಲಾಯಿತು. ಕುಲುಮೆಗಾಗಿ ಕಟ್ಟಿದ ಸ್ಥಾವರ ರೋಗಿಗಳ ಉಸಿರಿಗೆ ಆಧಾರವಾದುದನ್ನು ರಾಜ್ಯದ ಜನ ಆಗ ಕಂಡರು.

ಮಿತಿಗಳು

ಆಮ್ಲಜನಕದಿಂದ ದಹನವನ್ನು ಸುಧಾರಿಸುವುದು ಎಲ್ಲ ಕಡೆಯೂ ಲಾಭದಾಯಕವಲ್ಲ. ವಾಯುವನ್ನು ಒತ್ತಿ, ತಣಿಸಿ, ಬೇರ್ಪಡಿಸಲು ಒಂದು ಟನ್ ಆಮ್ಲಜನಕಕ್ಕೆ ನೂರಾರು ಯೂನಿಟ್ ವಿದ್ಯುತ್ ಬೇಕು. ಇಂಧನದಲ್ಲಿ ಆಗುವ ಉಳಿತಾಯ ಅಥವಾ ಉತ್ಪಾದನೆಯ ಹೆಚ್ಚಳ ಈ ವೆಚ್ಚವನ್ನು ಮೀರಿದಾಗ ಮಾತ್ರ ಅದು ಪ್ರಯೋಜನಕಾರಿ. ಆದುದರಿಂದ ಹೆಚ್ಚಿನ ತಾಪಮಾನ ಅಗತ್ಯವಿರುವ ಕುಲುಮೆಗಳಲ್ಲಿ ಇದರ ಬಳಕೆ ಹೆಚ್ಚು. ತಗ್ಗಿದ ತಾಪಮಾನದ ಕೆಲಸಗಳಲ್ಲಿ ಕಡಿಮೆ. ವಾಯುವಿಗೆ ಆಮ್ಲಜನಕವನ್ನು ಬೆರೆಸಿದಾಗ ಜ್ವಾಲೆ ಬಿಸಿಯೇರಿ, ಉಳಿದ ಸಾರಜನಕದಿಂದ ನೈಟ್ರೋಜನ್ ಆಕ್ಸೈಡುಗಳೆಂಬ ಮಾಲಿನ್ಯಕಾರಕಗಳು ಹೆಚ್ಚಬಹುದು. ಕುಲುಮೆಯ ಒಳಗೋಡೆಯ ಇಟ್ಟಿಗೆಗಳೂ ಬೇಗ ಸವೆಯಬಹುದು. ಆಮ್ಲಜನಕ ಹೆಚ್ಚಿರುವಲ್ಲಿ ಎಣ್ಣೆ, ಗ್ರೀಸ್, ಬಟ್ಟೆಗಳು ಸಣ್ಣ ಕಿಡಿಗೂ ಭುಗಿಲೇಳುವುದರಿಂದ ಅದರ ಕೊಳವೆ, ಕವಾಟಗಳಿಗೆ ಎಣ್ಣೆಯ ಸೋಂಕು ತಗಲದಂತೆ ಎಚ್ಚರ ವಹಿಸಬೇಕು.

ಸಾರಜನಕವಿಲ್ಲದ ದಹನಕ್ಕೆ ಇತ್ತೀಚೆಗೆ ಮತ್ತೊಂದು ಮಹತ್ವವೂ ಬಂದಿದೆ. ಇಂಧನವನ್ನು ಶುದ್ಧ ಆಮ್ಲಜನಕದಲ್ಲಿ ಉರಿಸಿದರೆ ಹೊರಬರುವ ಹೊಗೆಯಲ್ಲಿ ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಇರುತ್ತವೆ. ನೀರಾವಿಯನ್ನು ತಣಿಸಿ ತೆಗೆದರೆ ಉಳಿಯುವ ಅನಿಲವನ್ನು ವಾತಾವರಣಕ್ಕೆ ಬಿಡದೆ ಹಿಡಿದಿಡುವುದು ಸುಲಭ. ಜರ್ಮನಿಯ ಶ್ವಾರ್ಟ್ಸ ಪುಂಪ ಎಂಬಲ್ಲಿ 2008ರಲ್ಲಿ 30 ಮೆಗಾವಾಟ್ ಶಾಖ ಸಾಮರ್ಥ್ಯದ ಪ್ರಾಯೋಗಿಕ ಘಟಕದಲ್ಲಿ ಈ ವಿಧಾನವನ್ನು ಪರೀಕ್ಷಿಸಲಾಯಿತು. ಅಲ್ಲಿಯೂ ಆಮ್ಲಜನಕದ ತಯಾರಿಕೆಗೆ ತಗಲುವ ವಿದ್ಯುತ್ತೇ ಮುಖ್ಯ ಅಡಚಣೆಯಾಗಿ ಕಂಡುಬಂದಿತು. ವ್ಯಯಿಸುವ ಶಕ್ತಿಯನ್ನು ಸಿದ್ಧಾಂತವು ಹೇಳುವ ಕನಿಷ್ಠ ಮಟ್ಟದ ಹತ್ತಿರಕ್ಕೆ ತರುವುದು 1870ರಲ್ಲಿ ಲಿಂಡೆಯವರು ಎತ್ತಿಕೊಂಡ ಪ್ರಶ್ನೆಯಾಗಿತ್ತು. ಇಂದಿನ ಆಮ್ಲಜನಕ ಸ್ಥಾವರಗಳ ವಿನ್ಯಾಸಕಾರರ ಮುಂದಿರುವುದೂ ಅದೇ ಪ್ರಶ್ನೆ.